ಗಂಟೆಯೊಳಗಿನ ಹೆಜ್ಜೆ

ಯಾಸೆನಿಕ್
12 ನವೆಂಬರ್ 1970

ಸ್ತಮಾತ್,

ಇಷ್ಟು ವರ್ಷದ ಮೇಲೆ ಅಣ್ಣನ ಕೈಬರಹ ಕಂಡು ಯಾರೋ ತೀರಿಕೊಂಡರು ಎಂದು ಗಾಬರಿ ಬೀಳಬೇಡ. ಎಲ್ಲರೂ ಇದ್ದೇವೆ. ಅವ್ವನ ಕಣ್ಣು ಪೂರ್ತಿ ಹೋಯಿತು. ಕಿವಿ ಮಾತ್ರ ಮೊದಲಿಗಿಂತ ಚುರುಕು, ಬೇಲಿಯಾಚೆ ಕೋಳಿ ಕೆರೆದರೆ ಅದು ಯಾರ ಮನೆಯ ಕೋಳಿ ಎಂದು ಹೇಳುತ್ತಾಳೆ. ನಿನ್ನ ಅತ್ತಿಗೆ ಕೇರಾಳ ಮಂಡಿನೋವು ಹಾಗೇ ಇದೆ. ಮಗಳು ಸ್ತಮಾತ್ಕಾಗೆ ಬರುವ ಫೆಬ್ರವರಿಗೆ ಹದಿನಾಲ್ಕು. ನಿನ್ನ ಹೆಸರಿಟ್ಟ ತಪ್ಪಿಗೆ ನಿನ್ನ ಹಟವೂ ಅವಳಿಗೆ ಬಂದಿದೆ, ಅವರಮ್ಮ ದಿನಕ್ಕೆ ಹತ್ತು ಸಲ ಹಣೆ ಚಚ್ಚಿಕೊಳ್ಳುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಮುಖವಾಡ ತೊಟ್ಟು, ಗಂಟೆ ಕಟ್ಟಿ ಚಳಿಗಾಲವನ್ನು ಓಡಿಸುವ ನಮ್ಮ ಕುಕೇರಿ ಕುಣಿತ ಊರಿನಲ್ಲಿ ಮತ್ತೆ ಏಳುತ್ತಿದೆ. ಆ ಘಟನೆಯ ಮೇಲೆ ನಿಲ್ಲಿಸಿದ್ದು, ಹದಿಮೂರು ಚಳಿಗಾಲ ಯಾರೂ ಓಡಿಸದೆ ತಾವಾಗಿ ಬಂದು ತಾವಾಗಿ ಹೋದವು. ಕಳೆದ ವರ್ಷ ಏಪ್ರಿಲ್‌ನಲ್ಲೂ ಹಿಮ ಬಿತ್ತು, ದ್ರಾಕ್ಷಿ ಚಿಗುರೆಲ್ಲ ಸುಟ್ಟುಹೋಯಿತು. ಊರ ಮುದುಕಿಯರು ಬಾಯಿ ಬಿಟ್ಟು ಬೈಯತೊಡಗಿದರು. ಜಿಲ್ಲೆಯವರೂ ಹೂಂ ಎಂದಿದ್ದಾರೆ. ಊರಧ್ಯಕ್ಷ ಮನೆಗೇ ಬಂದು, ಗ್ರೂದಿ, ಮುಂದಾಳು ನೀನೇ ಆಗಬೇಕು ಎಂದ. ಬರುವ ಮಾರ್ಚ್ ಒಂದು, ಕ್ಷಮೆಯ ಭಾನುವಾರದ ಮಾರನೆಯ ಸೋಮವಾರ.

ಹನ್ನೊಂದು ಜನ ಸೇರಿದ್ದೇವೆ. ಮೇಕೆ ಚರ್ಮ ಹದವಾಗುತ್ತಿದೆ. ಮೊನ್ನೆ ಕೊಟ್ಟಿಗೆಯಲ್ಲಿ ಎಲ್ಲರೂ ಗಂಟೆ ಕಟ್ಟಿ ಒಂದು ಸುತ್ತು ಕುಣಿದೆವು. ಹಲ್ಲುದುರಿದ ಬಾಯಲ್ಲಿ ಹಾಡಿದ ಹಾಗಿತ್ತು. ತಾತ ಒಬ್ಬನೇ ಕಮ್ಮಾರನ ಹತ್ತಿರ, ಒಂದೇ ಚಳಿಗಾಲದಲ್ಲಿ, ಒಂದರ ದನಿಗೆ ಇನ್ನೊಂದನ್ನು ಹೊಂದಿಸಿ ಮಾಡಿಸಿದ ಗಂಟೆಗಳು ಅವು. ನಿನ್ನ ನಡುಪಟ್ಟಿಯ ಐದೂ ಇಲ್ಲದೆ ಉಳಿದವು ಒಂದಾಗುವುದಿಲ್ಲ. ಪೇಟೆಯ ಹೊಸ ಗಂಟೆ ಕಟ್ಟಿ ನೋಡಿದೆ, ಡಬ್ಬ ಬಡಿದ ಹಾಗಿದೆ.

ಆ ಪಟ್ಟಿ ನಿನಗೆ ಅಲ್ಲಿ ಗಣಿಯೂರಿನಲ್ಲಿ ಯಾವ ಉಪಯೋಗಕ್ಕೆ? ಮರದ ಲಾರಿಯವನು ತಿಂಗಳಿಗೊಮ್ಮೆ ಆ ಕಡೆ ಬರುತ್ತಾನೆ, ಅವನ ಕೈಗೆ ಕೊಡು. ಹಳೆಯದನ್ನು ಕೆದಕುವುದು ಬೇಡ. ಇಬ್ಬರಿಗೂ ವಯಸ್ಸಾಯಿತು.

ನಿನ್ನ ಅಣ್ಣ,
ಗ್ರೂದಿ


ರೊದೋಪಿ ಬೆಟ್ಟ, ಗಣಿ ಕಾರ್ಮಿಕರ ವಸತಿ
3 ಡಿಸೆಂಬರ್ 1970

ಗ್ರೂದಿ ಅಣ್ಣ,

ಕಾಗದ ಬಂತು. ಅವ್ವನ ಸುದ್ದಿ ಬರೆದಿದ್ದಕ್ಕೆ ಸಂತೋಷ.

ಪಟ್ಟಿ ನನ್ನ ಹತ್ತಿರವೇ ಇದೆ. ಸೆರೆಮನೆಯಿಂದ ಹೊರಬಿದ್ದ ದಿನ ನನ್ನ ಕೋಟು, ನನ್ನ ಬೆಲ್ಟು, ನನ್ನ ಗಂಟೆ ಮೂರಕ್ಕೂ ಸಹಿ ಹಾಕಿಸಿಕೊಂಡು ಕೊಟ್ಟರು. ಮಂಚದ ಮೇಲಿನ ಗೋಡೆಗೆ ನೇತುಹಾಕಿದ್ದೇನೆ. ಐದು ಗಂಟೆಯ ನಾಲಗೆಗೂ ಬಟ್ಟೆ ಸುತ್ತಿದ್ದೇನೆ. ಗಣಿಯಲ್ಲಿ ಸಿಡಿಮದ್ದು ಹಾರಿಸಿದಾಗ ಗೋಡೆ ಅದುರುತ್ತದೆ, ಆಗ ಅವು ದನಿ ಮಾಡಬಾರದು.

ನೀನು "ಆ ಘಟನೆ" ಎಂದು ಬರೆದಿದ್ದೀಯ. ಅದಕ್ಕೊಂದು ಹೆಸರಿದೆ. ಕ್ರಾಯ್ನೊ ಊರಿನ ದೀಮೊ, ವಲ್ಚೊನ ಮಗ, ಹತ್ತೊಂಬತ್ತು ವರ್ಷ. ನೀನು ಮರೆತಿದ್ದರೆ ನಾನು ನೆನಪಿಸುತ್ತೇನೆ, ಏಕೆಂದರೆ ಇದುವರೆಗೆ ನಾವಿಬ್ಬರೂ ಒಂದು ಸಲವೂ ಇದನ್ನು ಬಾಯಿಬಿಟ್ಟು ಆಡಿಲ್ಲ.

ಆ ಬೆಳಗ್ಗೆ ನಿನ್ನ ಸೊಂಟ ಹಿಡಿದುಕೊಂಡಿತ್ತು. ಮುಂದಾಳಿನ ಏಳು ಗಂಟೆಯ ಪಟ್ಟಿ ಹೊತ್ತು ನಿಲ್ಲಲಾಗುತ್ತಿರಲಿಲ್ಲ. ಮುಂದಾಳು ತನ್ನ ಗಂಟೆ ಹೊರಲಾರ ಎಂದರೆ ಊರು ನಗುತ್ತದೆ ಎಂದು ನೀನು ಹೇಳಿದೆ. ಕೊಟ್ಟಿಗೆಯಲ್ಲಿ ನಾವಿಬ್ಬರೇ ಇದ್ದೆವು. ನಿನ್ನ ಪಟ್ಟಿ ನಾನು ಕಟ್ಟಿಕೊಂಡೆ, ನನ್ನ ಹಗುರ ಪಟ್ಟಿ ನಿನಗೆ ಕಟ್ಟಿದೆ. ಮುಖವಾಡ ಇಬ್ಬರದೂ ಹೊಸದು, ಇಬ್ಬರದೂ ಕರಿ ಮೇಕೆಯದು. ಹೊರಗೆ ಬಂದ ಮೇಲೆ ಊರಿನ ಪಾಲಿಗೆ ನಾನು ಗ್ರೂದಿ, ನೀನು ಸ್ತಮಾತ್. ಮುಖ ಕಾಣದ ದಿನ ನಮ್ಮೂರಿನಲ್ಲಿ ಯಾರೂ ಮುಖ ಹುಡುಕುವುದಿಲ್ಲ, ಗಂಟೆ ಕೇಳಿಯೇ ಇಂಥವನು ಎನ್ನುತ್ತಾರೆ.

ನಾನು ನೇಗಿಲ ಹತ್ತಿರ ನಿಂತೆ, ಕುಣಿತದ ಕೊನೆಗೆ ಅದರಿಂದ ಸಾಲು ಉಳುವವನು ಮುಂದಾಳು, ಅದು ಅವನ ಜಾಗ. ಹಳ್ಳದ ಮೇಲೆ ಮಂಜು ಕವಿದಿತ್ತು. ಕ್ರಾಯ್ನೊದ ದಂಡು ಸೇತುವೆಯ ಆ ತುದಿಗೆ ಬಂತು. ಎರಡು ದಂಡು ಎದುರಾದರೆ ಯಾರೂ ದಾರಿ ಬಿಡುವುದಿಲ್ಲ. ನಮ್ಮವರು ಓಡಿದರು, ನೀನು ಎಲ್ಲರಿಗಿಂತ ಮುಂದೆ ಓಡಿದೆ. ನಿನ್ನ ಕೈಯ ಮರದ ಕತ್ತಿ ದೀಮೊನ ತಲೆಗೆ ಬಿತ್ತು. ಮೂರನೆಯ ದಿನ ದೀಮೊ ಸತ್ತ.

ಇಡೀ ಊರು ಸಾಕ್ಷಿ ಹೇಳಿತು. ಸೇತುವೆ ಮೇಲೆ ಕೇಳಿದ್ದು ಸ್ತಮಾತನ ಗಂಟೆ, ನೇಗಿಲ ಹತ್ತಿರ ಇದ್ದದ್ದು ಗ್ರೂದಿಯ ಗಂಟೆ. ಒಬ್ಬರೂ ಸುಳ್ಳು ಹೇಳಲಿಲ್ಲ. ಮುಖವಾಡದೊಳಗೆ ಯಾರಿದ್ದರು ಎಂಬುದನ್ನು ಅದನ್ನು ಹಾಕಿದವನೇ ಹೇಳಬೇಕು, ಬೇರೆಯವರು ಹೇಳಕೂಡದು. ಅಪ್ಪ ನಮ್ಮಿಬ್ಬರ ಕೈಯಲ್ಲೂ ರೊಟ್ಟಿ ಮುಟ್ಟಿಸಿ ಮಾಡಿಸಿದ ಆಣೆ ಅದು. ಅದಕ್ಕೇ ನಾನು ಬಾಯಿ ಬಿಡದೆ ನಿನ್ನನ್ನು ನೋಡುತ್ತ ನಿಂತೆ. ನ್ಯಾಯಾಧೀಶ ನಿನ್ನನ್ನು ಕೇಳಿದ. ನೀನು ಹೇಳಿದ್ದು ಒಂದೇ ಮಾತು: "ಆ ಗಂಟೆ ನನ್ನ ತಮ್ಮನದು."

ನಿಜ, ಗಂಟೆ ನನ್ನದೇ. ಉಳಿದರ್ಧ ಹೇಳುತ್ತೀಯ ಎಂದು ಆ ಬೆಂಚಿನ ಮೇಲೆ ಕಾದೆ. ಆಮೇಲೆ ಐದು ವರ್ಷ ಒಳಗೆ ಕಾದೆ. ಈಗಲೂ ಕಾಯುತ್ತಿದ್ದೇನೆ. ಗಂಟೆ ಬೇಕಿದ್ದರೆ ಆ ಮಾತನ್ನು ಪೂರ್ತಿ ಮಾಡು.

ಸ್ತಮಾತ್


ಯಾಸೆನಿಕ್
20 ಡಿಸೆಂಬರ್ 1970

ಸ್ತಮಾತ್,

ನಿನಗೆ ತಲೆ ನೆಟ್ಟಗಿದೆಯೇ? ಇಂಥದ್ದನ್ನೆಲ್ಲ ಕಾಗದದ ಮೇಲೆ ಬರೆಯುತ್ತಾರೆಯೇ? ಅಂಚೆ ಕಚೇರಿಯ ತೊದೋರ್ಕಾ ಲಕೋಟೆಯನ್ನು ಬೆಳಕಿಗೆ ಹಿಡಿಯದೆ ಯಾರಿಗೂ ಕೊಡುವುದಿಲ್ಲ. ನಿನ್ನ ಕಾಗದವನ್ನು ಓದಿದ ಕೂಡಲೇ ಒಲೆಗೆ ಹಾಕಿದೆ. ಕೇರಾ ಏನದು ಎಂದಳು, ಬೀಜದ ಪಟ್ಟಿ ಎಂದೆ.

ಕೇಳು. ನಾನು ಕಲ್ಲಲ್ಲ. ಆವತ್ತು ಸ್ತಮಾತ್ಕಾ ಹುಟ್ಟಿ ನಲವತ್ತು ದಿನವೂ ಆಗಿರಲಿಲ್ಲ, ಕೇರಾಗೆ ಬಾಣಂತಿ ಜ್ವರ. ನಾನು ಒಳಗೆ ಹೋಗಿದ್ದರೆ ಅವ್ವ, ಕೇರಾ, ಕೂಸು ಮೂವರೂ ಬೀದಿಗೆ ಬೀಳುತ್ತಿದ್ದರು. ನಿನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ನೀನು ನನ್ನನ್ನು ನೋಡಿದೆ ಎನ್ನುತ್ತೀಯ. ನೋಡಿದ್ದು ನನಗೂ ಗೊತ್ತು. ಆ ನೋಟಕ್ಕೆ ಹೂಂ ಎಂದು ಅರ್ಥ ಮಾಡಿಕೊಂಡೆ. ಹಾಗೆ ಅರ್ಥ ಮಾಡಿಕೊಳ್ಳುವುದು ನನಗೆ ಬೇಕಾಗಿತ್ತು, ಅದನ್ನೂ ಒಪ್ಪುತ್ತೇನೆ.

ಆದರೆ ನೀನೂ ಒಂದು ವಿಷಯ ಒಪ್ಪಬೇಕು. ನೀನು ಹೊರಗೆ ಬಂದ ಮೇಲೆ ಎಂಟು ಸಲ ಕ್ಷಮೆಯ ಭಾನುವಾರ ಬಂದು ಹೋಯಿತು. ಎಂಟು ಸಲವೂ ಬಾಗಿಲು ತೆರೆದಿಟ್ಟು, ಹಲ್ವಾ, ಬೇಯಿಸಿದ ಮೊಟ್ಟೆ, ಚೀಸಿನ ಬಾನಿತ್ಸಾ ರೊಟ್ಟಿ ಎಲ್ಲ ಮೇಜಿನ ಮೇಲಿಟ್ಟು ಕೂತಿದ್ದೇನೆ. ಚಿಕ್ಕವರು ದೊಡ್ಡವರ ಮನೆಗೆ ಹೋಗಿ ಕೈಗೆ ಮುತ್ತಿಟ್ಟು ಕ್ಷಮಿಸು ಎನ್ನಬೇಕು. ದೊಡ್ಡವನು ಚಿಕ್ಕವನ ಬಾಗಿಲಿಗೆ ಹೋಗುವ ಪದ್ಧತಿ ಎಲ್ಲಿದೆ, ತೋರಿಸು. ಅದಕ್ಕೆ ಮಾತೇ ಇಲ್ಲ ನಮ್ಮಲ್ಲಿ. ನೀನು ಒಂದು ಸಲ ಹೊಸ್ತಿಲು ದಾಟಿ ಬಂದಿದ್ದರೆ ಆ ಗಳಿಗೆಯಲ್ಲಿ ಎಲ್ಲ ಹೇಳಿಬಿಡುತ್ತಿದ್ದೆ. ನೀನು ಬರಲಿಲ್ಲ, ಬಿಗುಮಾನ ಹಿಡಿದು ಬೆಟ್ಟದಲ್ಲಿ ಕೂತೆ.

ಈಗ ಹೇಳಿದರೆ ಯಾರಿಗೆ ಲಾಭ? ದೀಮೊ ಎದ್ದು ಬರುತ್ತಾನೆಯೇ? ನಿನ್ನ ಐದು ವರ್ಷ ತಿರುಗಿ ಬರುತ್ತವೆಯೇ? ಹಾಳಾಗುವುದು ಸ್ತಮಾತ್ಕಾಳ ಬದುಕು. ಶಾಲೆಯಲ್ಲಿ ಅವಳ ಮುಖಕ್ಕೆ ಏನೆಂದಾರು, ಯೋಚಿಸು.

ಗಂಟೆ ಕೊಡದಿದ್ದರೆ ಬಿಡು. ಬೋಳು ದನಿಯಲ್ಲೇ ಕುಣಿಯುತ್ತೇವೆ.

ಗ್ರೂದಿ


ಯಾಸೆನಿಕ್, ಅಂಚೆ ಕಚೇರಿ
11 ಜನವರಿ 1971

ಸ್ತಮಾತ್ ತಮ್ಮಾ,

ಇದು ಅಂಚೆಯ ತೊದೋರ್ಕಾ ಬರೀತಿರೋದು. ನಿಮ್ಮವ್ವ ಸ್ತಾನಜ್ಜಿ ಒಲೆ ಪಕ್ಕ ಕೂತು ಹೇಳ್ತಿದಾಳೆ. ಮೊಳಕಾಲುದ್ದ ಹಿಮದಲ್ಲಿ ಗೋಡೆ ತಡವಿಕೊಂಡು ಒಬ್ಬಳೇ ಬಂದಿದಾಳೆ, ಗ್ರೂದಿಗೆ ಗೊತ್ತಿಲ್ಲವಂತೆ. ಒಂದಕ್ಷರ ಸೇರಿಸಬೇಡ, ಒಂದಕ್ಷರ ಬಿಡಬೇಡ ಅಂತ ಆಣೆ ಹಾಕಿಸಿದಾಳೆ. ಇನ್ನು ಮೇಲೆ ಅವಳ ಮಾತು.

ಮಗಾ, ನಾನು ಚೆನ್ನಾಗಿದೀನಿ. ಊಟ ಸೇರುತ್ತೆ, ನಿದ್ದೆ ಬರಲ್ಲ. ಕ್ರಿಸ್‌ಮಸ್ಸಿಗೆ ಹಂದಿ ಕೊಯ್ದಾಗ ನಿನ್ನ ಪಾಲು ಅಂತ ಒಂದು ತುಂಡು ಉಪ್ಪು ಸವರಿ ತೂಗುಹಾಕಿದೀನಿ. ಪ್ರತಿ ವರ್ಷ ಹಾಕ್ತೀನಿ. ಪ್ರತಿ ವರ್ಷ ಬೇಸಿಗೆ ಹೊತ್ತಿಗೆ ಗ್ರೂದಿ ತಿಂತಾನೆ.

ಅವನು ಈಗ ಕೊಟ್ಟಿಗೇಲಿ ದಿನಾ ಗಂಟೆ ಕಟ್ಟಿಕೊಂಡು ಕುಣೀತಾನೆ. ನಡುನಡುವೆ ನಿಂತುಬಿಡ್ತಾನೆ. ಮೊದಲೆಲ್ಲ ಹಾಗೆ ನಿಲ್ತಿರಲಿಲ್ಲ. ಏನೋ ಕಿವಿಗೊಟ್ಟು ಕೇಳೋನ ಥರ ನಿಲ್ತಾನೆ.

ತೊದೋರ್ಕಾ, ಇದನ್ನ ಸರಿಯಾಗಿ ಬರಿ. ನನ್ನ ಇಬ್ಬರು ಮಕ್ಕಳ ಹೆಜ್ಜೆ ನನಗೆ ಗೊತ್ತು. ಗ್ರೂದಿ ಎಂಟು ವರ್ಷದವನಿದ್ದಾಗ ಗಾಡಿಯಿಂದ ಬಿದ್ದ, ಅವತ್ತಿಂದ ಎಡಗಾಲು ಭಾರ ಹಾಕ್ತಾನೆ. ಸ್ತಮಾತ್ ಮೇಕೆಮರಿ ಥರ, ಎರಡೂ ಕಾಲು ಹಗುರ. ಊರವರು ಗಂಟೆ ಕೇಳ್ತಾರೆ. ಹೆತ್ತವಳಿಗೆ ಗಂಟೆ ಬೇರೆ, ಹೆಜ್ಜೆ ಬೇರೆ. ಆವತ್ತು ಬೆಳಗ್ಗೆ ನೀವಿಬ್ಬರೂ ಹೊರಟಾಗ ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಅಷ್ಟು ಬರಿ ಸಾಕು, ಅವನಿಗೆ ತಿಳಿಯುತ್ತೆ.

(ನನಗೆ ತಿಳೀಲಿಲ್ಲ ತಮ್ಮಾ. ಏನಜ್ಜಿ ಹಾಗಂದ್ರೆ ಅಂತ ಕೇಳಿದೆ. ಚೀಟಿ ಅಂಟಿಸೋದು ನಿನ್ನ ಕೆಲಸ, ಅದನ್ನ ಮಾಡು ಅಂದಳು. ಮೂವತ್ತು ವರ್ಷದಿಂದ ಈ ಊರ ಕಾಗದ ಹಂಚ್ತಿದೀನಿ, ಹೀಗೆ ಯಾರೂ ನನ್ನ ಬಾಯಿ ಮುಚ್ಚಿಸಿರಲಿಲ್ಲ.)

ನಾನೂ ಆಗಲೇ ಬಾಯಿ ಬಿಡಬೇಕಾಗಿತ್ತು ಮಗಾ. ಒಬ್ಬನನ್ನ ಉಳಿಸೋಕೆ ಹೋದರೆ ಇನ್ನೊಬ್ಬನನ್ನ ಕಳಕೊಳ್ತೀನಿ ಅಂತ... ಬೇಡ, ಇದನ್ನ ಬರೀಬೇಡ ತೊದೋರ್ಕಾ, ಅಳಿಸು.

(ಅಳಿಸಲಿಲ್ಲ. ಒಂದಕ್ಷರ ಬಿಡಲ್ಲ ಅಂತ ಆಣೆ ಹಾಕಿದೀನಲ್ಲ. ಅಜ್ಜಿ ಈಗ ಶಾಲಿನ ತುದಿಯಿಂದ ಮೂಗು ಒರೆಸಿಕೊಳ್ತಿದಾಳೆ.)

ನನ್ನ ಕೈ ನಡುಗುತ್ತೆ, ಅದಕ್ಕೆ ಗುರುತು ಅಂತ ಕೆಳಗೆ ಹೆಬ್ಬೆಟ್ಟು ಒತ್ತಿದೀನಿ. ಒಂದು ಸಲ ನಿನ್ನ ಹೆಜ್ಜೆ ಕೇಳಬೇಕು. ಇನ್ನೇನೂ ಬೇಡ.

ನಿನ್ನವ್ವ ಸ್ತಾನಾ
(ಹೇಳಿದಂತೆ ಬರೆದವಳು ತೊದೋರ್ಕಾ)


ರೊದೋಪಿ ಬೆಟ್ಟ
2 ಫೆಬ್ರವರಿ 1971

ಅಣ್ಣ,

ಅವ್ವನ ಕಾಗದ ಬಂತು. ಅವಳಿಗೆ ಗೊತ್ತಿದೆ. ಆವತ್ತಿನಿಂದಲೂ ಗೊತ್ತಿದೆ. ಗೇಟಿನ ಹತ್ತಿರ ನಮ್ಮ ಹೆಜ್ಜೆ ಕೇಳಿದಳಂತೆ. ಇಷ್ಟು ವರ್ಷ ನಿನಗೆ ಬಡಿಸುತ್ತ, ನನ್ನ ಪಾಲಿನ ಮಾಂಸ ತೂಗುಹಾಕುತ್ತ ಕೂತಿದ್ದಾಳೆ. ಓದಿ ಮುಗಿಸಿ ಆ ದಿನ ನಾನು ಗಣಿಗಿಳಿಯಲಿಲ್ಲ.

ಚಿಕ್ಕವನು ಬರಬೇಕು ಎಂದು ಬರೆದಿದ್ದೀಯ. ಸರಿ, ಬರುತ್ತೇನೆ. ರಜೆಗೆ ಬರೆದುಕೊಟ್ಟಿದ್ದೇನೆ. ಕ್ಷಮೆಯ ಭಾನುವಾರ, ಇಗರ್ಜಿಯ ಮುಂದೆ ಊರೆಲ್ಲ ಸೇರಿದಾಗ ಬರುತ್ತೇನೆ. ಪದ್ಧತಿಯಂತೆ ನಿನ್ನ ಮುಂದೆ ಬಗ್ಗುತ್ತೇನೆ, ಕೈಗೆ ಮುತ್ತಿಡುತ್ತೇನೆ, ಎಲ್ಲರಿಗೂ ಕೇಳುವ ಹಾಗೆ "ಅಣ್ಣಾ, ಕ್ಷಮಿಸು" ಎನ್ನುತ್ತೇನೆ.

ಅದಕ್ಕೆ ದೊಡ್ಡವನು ಹೇಳುವ ಉತ್ತರ ನಿನಗೆ ಬಾಯಿಪಾಠ ಇದೆ: ದೇವರು ಕ್ಷಮಿಸಲಿ, ನಾನೂ ಕ್ಷಮಿಸಿದೆ. ಅವ್ವ ಪಕ್ಕದಲ್ಲಿ ನಿಂತಿರುತ್ತಾಳೆ. ನನ್ನ ಮುಖ ನೋಡಿ ಆ ಮಾತು ಹೇಳು, ಹೇಗೆ ಹೇಳುತ್ತೀಯೋ ನೋಡುತ್ತೇನೆ.

ಸ್ತಮಾತ್


ಯಾಸೆನಿಕ್
13 ಫೆಬ್ರವರಿ 1971

ತಮ್ಮಾ,

ಬರಬೇಡ. ಕೈಮುಗಿದು ಕೇಳುತ್ತೇನೆ, ಈ ವರ್ಷ ಬರಬೇಡ.

ಇದು ತಪ್ಪಿಸಿಕೊಳ್ಳುವ ಮಾತಲ್ಲ. ಜಿಲ್ಲೆಯವರು ಕ್ರಾಯ್ನೊದವರನ್ನೂ ಕರೆದಿದ್ದಾರೆ. ಎರಡೂ ದಂಡು ಸೇತುವೆಯ ಮೇಲೆ ಭೇಟಿಯಾಗಿ ರಾಜಿಯಾಗಬೇಕಂತೆ, ಪತ್ರಿಕೆಯವರು ಫೋಟೋ ತೆಗೆಯುತ್ತಾರಂತೆ. ಮೇಜಿನ ಹಿಂದೆ ಕೂತವರಿಗೆ ಇದೆಲ್ಲ ಸುಲಭ. ದೀಮೊನ ಅಪ್ಪ ವಲ್ಚೊ ಇನ್ನೂ ಬದುಕಿದ್ದಾನೆ, ಎಪ್ಪತ್ತು ದಾಟಿದೆ. ಮೊನ್ನೆ ಹಿಟ್ಟಿನ ಗಿರಣಿಯಲ್ಲಿ ಎದುರಿಗೇ ಸಿಕ್ಕಿದ. ನನ್ನ ಹೆಗಲ ಮೇಲೆ ಕೈಯಿಟ್ಟು ಮಾತಾಡಿಸಿದ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ, ನಾನು ನೇಗಿಲ ಹತ್ತಿರ ಇದ್ದವನಲ್ಲವೇ. ಆಮೇಲೆ ಹೇಳಿದ: "ಗ್ರೂದಿ, ನೀನು ಒಳ್ಳೇವನು, ಅದಕ್ಕೆ ಮೊದಲೇ ಹೇಳಿಡ್ತೀನಿ. ಆ ಐದು ಗಂಟೆ ಮತ್ತೆ ಈ ಸೇತುವೆ ಮೇಲೆ ಕೇಳಿಸಿದ್ರೆ ನಾನು ಸುಮ್ನಿರಲ್ಲ. ಮುದುಕ, ನನಗಿನ್ನೇನು ಹೋಗೋದಿದೆ."

ಹೂಂ ಎಂದು ಹಿಟ್ಟಿನ ಚೀಲ ಹೊತ್ತುಕೊಂಡು ಮನೆಗೆ ಬಂದೆ. ಆ ಕೈ ಇನ್ನೂ ಹೆಗಲ ಮೇಲಿದ್ದ ಹಾಗಿದೆ.

ನೀನು ಬಂದರೆ ಅವನು ನಿನ್ನನ್ನು ಬಿಡುವುದಿಲ್ಲ. ನಿನ್ನ ತಲೆ ಒಡೆದರೆ ಅದೂ ನನ್ನ ಲೆಕ್ಕಕ್ಕೇ ಬರುತ್ತದೆ. ಅವ್ವ ಮನೆಯಲ್ಲಿ ನನ್ನ ಜೊತೆ ಒಂದು ಮಾತೂ ಆಡುತ್ತಿಲ್ಲ. ನಾನು ಒಳಗೆ ಬಂದರೆ ತಲೆ ಎತ್ತಿ ಕಾಲಿನ ಸದ್ದು ಕೇಳುತ್ತಾಳೆ, ಮತ್ತೆ ತಲೆ ತಗ್ಗಿಸುತ್ತಾಳೆ. ಈಗೀಗ ನಾನು ಕಾಲು ಎತ್ತಿ ಎತ್ತಿ ನಡೆಯುತ್ತಿದ್ದೇನೆ, ಹುಚ್ಚನ ಹಾಗೆ, ನನ್ನ ಮನೆಯೊಳಗೇ.

ನನಗೆ ಹೆದರಿಕೆಯಾಗಿದೆ ಸ್ತಮಾತ್. ಇದನ್ನು ಬೇರೆ ಯಾರಿಗೂ ಹೇಳಲಾರೆ.

ನಿನ್ನ ಅಣ್ಣ,
ಗ್ರೂದಿ


ರೊದೋಪಿ ಬೆಟ್ಟ
20 ಫೆಬ್ರವರಿ 1971

ಅಣ್ಣ,

ಬರುವುದಿಲ್ಲ. ವಲ್ಚೊನಿಗೆ ಹೆದರಿ ಅಲ್ಲ.

ಆ ಬಗ್ಗುವುದನ್ನು ಇಲ್ಲಿ ಕೋಣೆಯಲ್ಲಿ ಅಭ್ಯಾಸ ಮಾಡಿದೆ. ಸೊಂಟ ಬಗ್ಗಿಸಿ, ಕೈ ಹಿಡಿದು, ಕ್ಷಮಿಸು ಎಂದು ಗೋಡೆಗೆ ಹೇಳಿ ನೋಡಿದೆ. ನಾಲ್ಕನೆಯ ಸಲಕ್ಕೆ ಕ್ಷೌರದ ಕನ್ನಡಿಯಲ್ಲಿ ನನ್ನ ಮುಖ ಕಂಡಿತು, ನಗುತ್ತಿದ್ದೆ. ನಿನ್ನನ್ನು ಊರ ಮುಂದೆ ನೆಲಕ್ಕೆ ಕೆಡವುವ ಖುಷಿ ಅದು. ಕ್ಷಮೆಯ ದಿನ ಅಂಥ ಮುಖ ಹೊತ್ತು ಅವ್ವನ ಎದುರು ನಿಲ್ಲಲು ನಾಚಿಕೆಯಾಯಿತು.

ನಾನು ಎದುರು ನಿಂತು ಹೇಳಿಸಿದರೆ ಅದು ನಿನ್ನ ಮಾತಾಗುವುದೂ ಇಲ್ಲ.

ಪಟ್ಟಿಯನ್ನು ಮರದ ಲಾರಿಯಲ್ಲಿ ಕಳಿಸಿದ್ದೇನೆ, ಗೋಣಿಚೀಲದಲ್ಲಿ ಹೊಲಿದಿದೆ. ಬಟ್ಟೆ ಬಿಚ್ಚಿಲ್ಲ, ಅದು ನಿನ್ನ ಕೆಲಸ. ಏನು ಬೇಕಾದರೂ ಮಾಡು. ಇಷ್ಟು ನೆನಪಿರಲಿ: ಅವು ದನಿ ಮಾಡಿದ ಕೂಡಲೇ ಊರು ಸ್ತಮಾತ್ ಬಂದ ಎನ್ನುತ್ತದೆ. ಯಾರು ಕಟ್ಟಿಕೊಂಡರೂ ಆ ದಿನದ ಮಟ್ಟಿಗೆ ನಾನಾಗಬೇಕಾಗುತ್ತದೆ.

ಸ್ತಮಾತ್


ಯಾಸೆನಿಕ್
4 ಮಾರ್ಚ್ 1971

ಸ್ತಮಾತ್,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ವಕ್ರವಾದರೆ ಬೈಯಬೇಡ. ಬಲ ಹೆಗಲಿಗೆ ಬ್ಯಾಂಡೇಜು ಕಟ್ಟಿದ್ದಾರೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ, ತೊದೋರ್ಕಾ ಓದಿಕೊಳ್ಳಲಿ, ಈಗ ಅಡ್ಡಿಯಿಲ್ಲ.

ಗೋಣಿಚೀಲ ಹೋದ ಗುರುವಾರ ಬಂತು. ಕೊಟ್ಟಿಗೆಯಲ್ಲಿ ಎಲ್ಲರ ಮುಂದೆಯೇ ಬಿಚ್ಚಿದೆ. ನಮ್ಮ ಹುಡುಗರಲ್ಲಿ ಗಟ್ಟಿಯಾದವನು ಬಡಗಿ ಮೀಲ್ಯೊ, ಅವನಿಗೇ ಕಟ್ಟುವುದೆಂದು ಮೊದಲೇ ಮಾತಾಗಿತ್ತು. ಅವನು ಸೊಂಟ ಚಾಚಿ ನಿಂತ. ನಾನು ಒಂದೊಂದೇ ಬಟ್ಟೆ ಬಿಚ್ಚುತ್ತ ಬಂದೆ. ಹಳೆಯ ಅಂಗಿಯ ತೋಳು ಹರಿದು ಸುತ್ತಿದ್ದೀಯ, ಸೆರೆಮನೆಯ ಅಂಗಿ, ನಂಬರು ಇನ್ನೂ ಕಾಣುತ್ತದೆ. ಮೂರನೆಯ ಗಂಟೆಗೆ ಬಂದಾಗ ವಲ್ಚೊನ ಮಾತು ನೆನಪಾಯಿತು. ಇದನ್ನು ಕಟ್ಟಿ ಮೀಲ್ಯೊನನ್ನು ಸೇತುವೆಗೆ ಕಳಿಸಿದರೆ ಮುದುಕ ನೀನೆಂದು ಅವನನ್ನು ಹೊಡೆಯುತ್ತಾನೆ. ನನ್ನ ಬದಲಿಗೆ ನೀನಾಯಿತು, ಈಗ ನಿನ್ನ ಬದಲಿಗೆ ಇನ್ನೊಬ್ಬರ ಮನೆಯ ಮಗ. ಮೀಲ್ಯೊ, ನೀನು ನನ್ನ ಏಳು ಗಂಟೆ ಕಟ್ಟಿಕೋ, ಇದನ್ನು ನಾನು ಕಟ್ಟಿಕೊಳ್ಳುತ್ತೇನೆ ಎಂದೆ. ಯಾಕೆ ಎಂದರು. ಸೊಂಟನೋವು ಎಂದೆ. ಎಲ್ಲರೂ ನಕ್ಕರು. ಹದಿನಾಲ್ಕು ವರ್ಷದ ಹಿಂದೆ ಯಾವ ನಗೆಗೆ ಹೆದರಿದ್ದೆನೋ ಆ ನಗೆ ಅಷ್ಟರಲ್ಲಿ ಮುಗಿದುಹೋಯಿತು.

ಭಾನುವಾರ ನೀನು ಬರಲಿಲ್ಲ. ಸ್ತಮಾತ್ಕಾ ಬಂದು ನನ್ನ ಕೈಗೆ ಮುತ್ತಿಟ್ಟು ಕ್ಷಮಿಸು ಅಪ್ಪಾ ಎಂದಳು. ನಾನು ಬರಿದೇ ಅವಳ ತಲೆ ಸವರಿದೆ.

ಸೋಮವಾರ ಹೊರಡುವಾಗ ಅವ್ವ ಗೇಟಿನ ಹತ್ತಿರ ನಿಂತಿದ್ದಳು, ಎಲ್ಲರ ಕೈಗೂ ಮಾರ್ಚ್ ತಿಂಗಳ ಕೆಂಪುಬಿಳಿ ದಾರ ಕಟ್ಟುತ್ತಿದ್ದಳು. ನನ್ನ ಸರದಿ ಬಂತು. ದಾರ ಬಿಗಿದು, ಮುಖವಾಡದ ಮೇಲೆ ಕೈಯಾಡಿಸಿ, ನನಗೊಬ್ಬನಿಗೇ ಕೇಳುವಂತೆ ಹೇಳಿದಳು: "ಆವತ್ತೂ ಈ ಗಂಟೆಯೊಳಗೆ ನಿನ್ನ ಹೆಜ್ಜೇನೇ ಇತ್ತು. ನಾನೂ ಬಾಯಿ ಮುಚ್ಚಿಕೊಂಡೆ ಮಗಾ. ನನಗಿನ್ನು ಆಗಲ್ಲ."

ಇಷ್ಟಾದರೂ ಹೇಳಿಬಿಡುತ್ತೇನೆ ಎಂದು ನಾನು ಹೊರಟಿರಲಿಲ್ಲ. ಸುಳ್ಳು ಏಕೆ ಬರೆಯಲಿ. ಬೇಗ ಸೇತುವೆ ದಾಟಿಬಿಟ್ಟರೆ ಸಾಕು ಎಂದುಕೊಂಡಿದ್ದೆ. ಬೀದಿಯಲ್ಲಿ ನಡೆದಂತೆ ಎರಡೂ ಕಡೆ ಪಿಸುಮಾತು ಎದ್ದಿತು. ಸ್ತಮಾತ್ ಬಂದಿದಾನೆ, ಸ್ತಮಾತ್ ಬಂದಿದಾನೆ. ಒಬ್ಬ ಹೆಂಗಸು ಮಗುವನ್ನು ಒಳಗೆ ಎಳೆದುಕೊಂಡಳು. ಇನ್ನೊಬ್ಬ ನನ್ನ ಕಾಲ ಹತ್ತಿರ ಉಗಿದ. ನಮ್ಮ ಮನೆಗೆ ಬಂದು ಉಂಡು ಹೋಗುವವನೇ, ನನ್ನನ್ನು ಒಳ್ಳೆಯವನು ಎನ್ನುವವನೇ. ಅರ್ಧ ಮೈಲಿ ನೀನಾಗಿ ನಡೆದೆ ಸ್ತಮಾತ್. ಅಷ್ಟರಲ್ಲೇ ನನಗೆ ಸಾಕಾಗಿ ಹೋಯಿತು.

ಸೇತುವೆಯ ಆ ತುದಿಯಲ್ಲಿ ಕ್ರಾಯ್ನೊದ ದಂಡು. ಮುಂದೆ ವಲ್ಚೊ, ಮುಖವಾಡವಿಲ್ಲದೆ, ಕೈಯಲ್ಲಿ ಕುರಿ ಕಾಯುವ ಕೊಕ್ಕೆಕೋಲು. ಕಣ್ಣು ಮುಚ್ಚಿ ಗಂಟೆ ಕೇಳುತ್ತಿದ್ದ. ನೇರ ನನ್ನ ಹತ್ತಿರ ಬಂದು ಕೋಲೆತ್ತಿ ಹೊಡೆದ. ಮೊದಲ ಏಟಿಗೆ ಹೆಗಲ ಮೂಳೆ ಮುರಿಯಿತು. ನನ್ನ ಕೈಯಲ್ಲಿ ಮರದ ಕತ್ತಿ ಇತ್ತು. ಅದನ್ನು ಹಳ್ಳಕ್ಕೆ ಎಸೆದೆ. ಎರಡನೆಯ ಏಟಿಗೆ ಕೋಲು ಎತ್ತಿದಾಗ ಎಡಗೈಯಲ್ಲಿ ಮುಖವಾಡ ಕಿತ್ತೆ.

ನಮ್ಮವರೇ ಬೇಡ ಬೇಡ ಎಂದು ಕೂಗಿಕೊಂಡರು. ನೇಗಿಲು ಹೂಡುವ ಮೊದಲು ಮುಖ ತೋರಿಸಿದರೆ ಆ ವರ್ಷ ಕೆಟ್ಟಿತು ಎಂದೇ ಲೆಕ್ಕ. ವಲ್ಚೊ ನನ್ನ ಮುಖ ನೋಡಿ ಕೋಲು ಇಳಿಸಿದ. "ಗ್ರೂದಿ? ಇದು ಅವನ ಗಂಟೆ" ಎಂದ.

"ಗಂಟೆ ನನ್ನ ತಮ್ಮನದು. ಒಳಗಿದ್ದವನು ನಾನು. ಆವತ್ತೂ ನಾನೇ."

ಉಳಿದರ್ಧ ಅಷ್ಟೇ ಇತ್ತು ಸ್ತಮಾತ್, ನಾಲ್ಕೇ ನಾಲ್ಕು ಪದ.

 ಮುದುಕ ಇನ್ನೊಂದು ಸಲ ಹೊಡೆಯುತ್ತಾನೆ ಎಂದು ನಿಂತೇ ಇದ್ದೆ. ಅವನು ಕೇಳಿದ್ದು ಬೇರೆ. "ಹಾಗಾದ್ರೆ ದೀಮೊನ ಹತ್ತಿರ ಇದ್ದವನು ನೀನೇ. ಮನೆಗೆ ತಂದಾಗ ಅವನಿಗೆ ಮಾತಿರಲಿಲ್ಲ. ಬಿದ್ದಾಗ ಏನಾದ್ರೂ ಅಂದನಾ?"

ಅಂದಿದ್ದ. ಅದನ್ನು ನಾನು ಕೇರಾಗೂ ಹೇಳಿಲ್ಲ, ಪಾದ್ರಿಗೂ ಹೇಳಿಲ್ಲ. ದೀಮೊ ಕಲ್ಲಿನ ಮೇಲೆ ಕೂತು ತಲೆ ಹಿಡಿದುಕೊಂಡು ಸುತ್ತ ತಡಕಾಡುತ್ತಿದ್ದ. "ಮುಖವಾಡ ಎಲ್ಲಿ ಬಿತ್ತು? ಅಪ್ಪ ಮಾಡಿದ್ದು, ಬೈತಾನೆ" ಎಂದ. ಆಮೇಲೆ ಒರಗಿದ. ವಲ್ಚೊನಿಗೆ ಅದನ್ನೇ ಹೇಳಿದೆ.

ಮುದುಕ ಕೋಲಿಗೆ ಒರಗಿ ನಿಂತ. "ಬೈತಿರಲಿಲ್ಲ" ಎಂದ. ಆಮೇಲೆ ಪಕ್ಕಕ್ಕೆ ಸರಿದ. ಅವನು ಸರಿದದ್ದು ನೋಡಿ ಅವನ ಹಿಂದಿದ್ದ ಇಡೀ ದಂಡು ಸರಿಯಿತು. ಆ ಸೇತುವೆಯ ಮೇಲೆ ಒಂದು ದಂಡು ಇನ್ನೊಂದಕ್ಕೆ ದಾರಿ ಬಿಟ್ಟಿದ್ದನ್ನು ಕಂಡವರು ಯಾರೂ ಇಲ್ಲ. ಫೋಟೋದವನು ಕ್ಯಾಮೆರಾ ಎತ್ತಲು ಮರೆತು ನಿಂತಿದ್ದ. ಮೂರು ಸಾಲು ನಾನೇ ಉತ್ತೆ, ಬರಿಮುಖದಲ್ಲಿ, ಒಂದು ಕೈಯಲ್ಲಿ ನೇಗಿಲು ಹಿಡಿದು. ಗೋಧಿ ಚೆಲ್ಲಿದ್ದು ಮೀಲ್ಯೊ.

ಮಂಗಳವಾರ ನಾನೇ ಠಾಣೆಗೆ ಹೋದೆ. ಎಲ್ಲ ಬರೆದುಕೊಂಡರು, ಕರೆದಾಗ ಬರಬೇಕು ಎಂದರು. ಏನಾಗುತ್ತದೋ ಗೊತ್ತಿಲ್ಲ. ಕೇರಾ ತವರಿಗೆ ಹೋಗಿದ್ದಾಳೆ. ಸ್ತಮಾತ್ಕಾ ಹೋಗಲಿಲ್ಲ. ನನ್ನ ಜೊತೆ ಮಾತಾಡುವುದೂ ಇಲ್ಲ, ಊಟಕ್ಕೆ ಮಾತ್ರ ಕರೆಯುತ್ತಾಳೆ. ಅವ್ವ ನಿನ್ನೆ ನನ್ನ ತಟ್ಟೆಗೆ ತಾನೇ ಹುರುಳಿಕಾಯಿ ಸಾರು ಬಡಿಸಿದಳು.

ಭಾನುವಾರ ದಾಟಿಹೋಗಿದೆ. ದೊಡ್ಡವನು ಚಿಕ್ಕವನನ್ನು ಕೇಳಲು ನಮ್ಮಲ್ಲಿ ಮಾತಿಲ್ಲ ಎಂದಿದ್ದೆ. ಚಿಕ್ಕವರ ಮಾತನ್ನೇ ಎರವಲು ಪಡೆಯುತ್ತೇನೆ. ಕ್ಷಮಿಸು.

ಗ್ರೂದಿ


ರೊದೋಪಿ ಬೆಟ್ಟ
10 ಮಾರ್ಚ್ 1971

ಅಣ್ಣ,

ನಿನ್ನ ಕಾಗದವನ್ನು ಮೊದಲು ನಿಂತು ಓದಿದೆ, ಆಮೇಲೆ ಕೂತು ಓದಿದೆ.

ಅದಕ್ಕೆ ಕೊಡಬೇಕಾದ ಉತ್ತರ ನನಗೂ ಬಾಯಿಪಾಠ ಇದೆ. ನಿನ್ನ ಬಾಯಲ್ಲಿ ಅದು ಬರಲಾರದು ಎಂದು ಅಣಕಿಸಿದ್ದೆ. ಈಗ ನನ್ನ ಬಾಯಲ್ಲೇ ಬರುತ್ತಿಲ್ಲ. ಇಲ್ಲಿ ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲ ಹಾಳೆ ಹರಿದೆ. ನಿನ್ನ ಮೇಲೆ ಸಿಟ್ಟು ಇಷ್ಟು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿತ್ತು. ಎದ್ದು ಹೋಗು ಎಂದ ಕೂಡಲೇ ಹೋಗುವುದಿಲ್ಲ.

ಶನಿವಾರ ಹೊರಡುತ್ತೇನೆ. ಎರಡು ಬಸ್ಸು, ಒಂದು ರೈಲು, ಆಮೇಲೆ ಹಳ್ಳದ ದಾರಿ. ಅಷ್ಟರೊಳಗೆ ಆ ಮಾತು ಬಂದೀತು. ಬರದಿದ್ದರೆ ನಿನ್ನ ಪಕ್ಕ ಕೂತು, ಬರುವ ತನಕ ಆ ಹಂದಿಮಾಂಸ ತಿನ್ನುತ್ತಿರುತ್ತೇನೆ. ಈ ಸಲ ನನ್ನ ಪಾಲು ನೀನು ಮುಟ್ಟಬೇಡ.

ಅವ್ವನಿಗೆ ಹೇಳು, ಭಾನುವಾರ ಮಧ್ಯಾಹ್ನ ಗೇಟಿನ ಹತ್ತಿರ ನಿಂತಿರಲಿ. ನನ್ನ ಮೈಮೇಲೆ ಗಂಟೆ ಇರುವುದಿಲ್ಲ. ಬರೀ ಹೆಜ್ಜೆ.

ತಮ್ಮ,
ಸ್ತಮಾತ್